ಬ್ರೇಕ್ ಒತ್ತಿದರೆ ನಿಟ್ಟುಸಿರು

ಇಂಥವು ನನಗೇ ಬಂದು ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ಕಲಬುರಗಿಯಲ್ಲಿ ಬೇಕಾದಷ್ಟು ಗ್ಯಾರೇಜುಗಳಿವೆ. ಬೇರೆಯವರ ಹತ್ತಿರ ಕ್ಲಚ್ಚು ಕೆಟ್ಟ ಗಾಡಿ, ರೇಡಿಯೇಟರ್ ಸೋರುವ ಗಾಡಿ ಹೋಗುತ್ತವೆ. ಮೋಮಿನಪುರದ ನನ್ನ ಗ್ಯಾರೇಜಿಗೆ ಮಾತ್ರ ದೆವ್ವ ಹಿಡಿದ ಗಾಡಿಗಳು ಬರುತ್ತವೆ. ತಂದವರು ಇಂಜಿನ್ನಿಗೆ ಏನಾಗಿದೆ ಎಂದು ಹೇಳುವುದಿಲ್ಲ, ಒಳಗೆ ಯಾರಿದ್ದಾರೆ ಎಂದು ಹೇಳುತ್ತಾರೆ.

ತಪ್ಪು ಅವರದೂ ಅಲ್ಲ. ಕೆಲವು ಇಂಜಿನ್ನುಗಳು ಜೋರಾಗಿ ಓಡುವಾಗ ಸುಮ್ಮನಿರುತ್ತವೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲಿಟ್ಟರೆ ಸಾಕು, ಕೆಮ್ಮಿ, ನಡುಗಿ, ಬಂದ್ ಬೀಳುತ್ತವೆ. ಈಗ ನೀವೇ ಯೋಚಿಸಿ, ನಮ್ಮ ಜನ ಗಾಡಿ ನಿಧಾನ ಮಾಡುವುದು ಎಲ್ಲಿ? ಮಸಣದ ಮುಂದೆ, ದರ್ಗಾದ ಮುಂದೆ, ಗುಡಿಯ ಮುಂದೆ, ಹಿಂದೆ ಯಾರೋ ಸತ್ತ ತಿರುವಿನಲ್ಲಿ. ಬೇರೆ ಎಲ್ಲಿಯೂ ನಿಧಾನ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಗಾಡಿ ನಿಲ್ಲುವುದೂ ಅಲ್ಲಲ್ಲೇ.

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಹೆದರಿಕೆ ಇದೆ, ಅದು ಬೇರೆ ಮಾತು. ಮುಂದೆ ಹೇಳುವ ಮೊದಲೆರಡು ಪ್ರಸಂಗಗಳಲ್ಲಿ ಯಾರಿಗೂ ಏನೂ ಹೋಗುವುದಿರಲಿಲ್ಲ. ಆಮೇಲಿನದರಲ್ಲಿ ಒಬ್ಬ ಹೆಣ್ಣುಮಗಳ ನೌಕರಿ ನನ್ನ ಕೈಯ ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಜೋತುಬಿದ್ದಿತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಅಜ್ಜ ಕರೆಯುತ್ತಾರೆ

ನಮ್ಮ ಗಲ್ಲಿಯ ಬಿರಿಯಾನಿ ಹೋಟೆಲ್ಲಿನ ಮಾಲೀಕ ಒಂದು ಸಂಜೆ ಗಾಡಿ ತಂದು ನಿಲ್ಲಿಸಿ, ಇಳಿಯದೆ ಹಾಗೇ ಕುಳಿತುಬಿಟ್ಟ. ಮುಖ ಬಿಳುಚಿಕೊಂಡಿತ್ತು.

“ದಾದಾ ಬುಲಾರೈಂ, ಭಾಯಿ,” ಎಂದ. ಅಜ್ಜ ಕರೆಯುತ್ತಿದ್ದಾರೆ ಎಂದು ಅರ್ಥ. ಮುಂದಿನ ಮಾತೂ ನಮ್ಮ ದಖನಿಯಲ್ಲೇ ನಡೆಯಿತು, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

ಅವನ ಅಜ್ಜ ತೀರಿಕೊಂಡು ಆರು ತಿಂಗಳಾಗಿತ್ತು. ಖಬರಸ್ತಾನದ ಗೇಟಿನ ಮುಂದೆ ಬಂದ ಕೂಡಲೇ ಗಾಡಿ ತಾನಾಗಿ ನಿಲ್ಲುತ್ತದಂತೆ. ಅಷ್ಟೇ ಆಗಿದ್ದರೆ ಅವನೂ ಸಹಿಸಿಕೊಳ್ಳುತ್ತಿದ್ದ. ಇಂಜಿನ್ ಬಂದಾದ ಮೇಲೆ ಬಾನೆಟ್ಟಿನೊಳಗಿಂದ ಟಕ್… ಟಕ್… ಟಕ್… ಎಂದು ಕೋಲು ಊರಿಕೊಂಡು ನಡೆಯುವ ಸದ್ದು ಬರುತ್ತದಂತೆ. ಅಜ್ಜನಿಗೆ ಕೋಲಿತ್ತು.

ನಾನು ಬಾನೆಟ್ಟಿಗೆ ಕಿವಿ ಕೊಟ್ಟೆ. ಟಕ್… ಟಕ್… ಕೇಳಿಸಿತು. ಕಾದ ಕಬ್ಬಿಣ ತಣ್ಣಗಾಗುವಾಗ ಬರುವ ಸದ್ದು ಅದು, ದಿನಾ ಕೇಳುತ್ತೇನೆ. ಆದರೂ ಅವನು ಹೇಳಿದ ಮೇಲೆ ಕೇಳಿದಾಗ ಯಾರೋ ಮುದುಕರು ಇತ್ತ ಕಡೆಗೇ ಬರುತ್ತಿರುವ ಹಾಗೆ ಅನಿಸಿ, ಕಿವಿ ಹಿಂದಕ್ಕೆ ತೆಗೆದುಕೊಂಡೆ.

ಗೇಟಿನ ಮುಂದೆ ಹಂಪ್ ಇದೆ, ಅದಕ್ಕೇ ನಿಲ್ಲುತ್ತದೆ ಎಂದರೆ ನಂಬಲಿಲ್ಲ. ಸರಿ, ತೋರಿಸುತ್ತೇನೆ ಎಂದು ಅವನನ್ನು ಕೂರಿಸಿಕೊಂಡು ಊರು ಸುತ್ತಲು ಹೊರಟೆ. ಒಂದು ಶಾದಿಖಾನೆಯ ಮುಂದಿನ ಹಂಪ್ ಬಂತು. ಬ್ರೇಕ್ ಒತ್ತಿದೆ, ಗಾಡಿ ಬಂದಾಯಿತು.

“ನೋಡು, ಇಲ್ಲಿಯೂ ನಿಂತಿತು. ಇಲ್ಲಿ ನಿಮ್ಮ ಅಜ್ಜ ಇದ್ದಾರೇನು?” ಎಂದೆ.

“ಅಜ್ಜನ ನಿಕಾಹ್ ಆಗಿದ್ದು ಇಲ್ಲೇ,” ಎಂದು ಅವನು ಕಣ್ಣೊರೆಸಿಕೊಂಡ.

ಬಿಡಲಿಲ್ಲ. ಜಗತ್ ಸರ್ಕಲ್ ಕಡೆ ಹೊಡೆದೆ. ಗದ್ದಲದಲ್ಲಿ ನಿಧಾನ ಮಾಡಿದೆ, ನಟ್ಟನಡುವೆ ನಿಂತಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು.

“ಇಲ್ಲೇನು? ಇಲ್ಲಿಯೂ ಅಜ್ಜನ ನಿಕಾಹ್ ಆಗಿತ್ತೇನು?” ಎಂದು ಕೂಗಿದೆ.

ಅವನು ತಲೆ ತಗ್ಗಿಸಿ ಮೆಲ್ಲಗೆ ಹೇಳಿದ. “ಇಲ್ಲಿ ಅಜ್ಜನನ್ನು ಪೊಲೀಸರು ಹಿಡಿದಿದ್ದರು.”

ಥ್ರಾಟಲ್ಲಿನ ಬಾಯಿಗೆ ಕಟ್ಟಿದ್ದ ಮಸಿ ಒರೆಸಿ ಗಾಡಿ ಕೊಟ್ಟು ಕಳಿಸಿದೆ. ಆ ಮನೆತನದ ಬಗ್ಗೆ ಇನ್ನೂ ಏನಾದರೂ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಮೂರು ಸಲ ಕರೆದರೆ

ಕಮಲಾಪುರದಲ್ಲಿ ಕೆಂಪು ಬಾಳೆಯ ವ್ಯಾಪಾರಿ ಒಬ್ಬರಿದ್ದಾರೆ. ಒಂದು ಮಧ್ಯಾಹ್ನ ಗಾಡಿ ತಂದು, ಸುತ್ತಮುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು. “ಮಿಸ್ತ್ರಿ, ಗಾಡಿ ಸ್ಲೋ ಮಾಡಿದ್ರ ಒಳಗಿಂದ ಯಾರೋ ಬಡೀತಾರ.”

“ಯಾವ ಕಡಿಯಿಂದರೀ?”

“ಮುಂದಿನ ಕಡಿಯಿಂದ. ಬಾಗಲಾ ಬಡದಂಗ. ಓಡೋಮುಂದ ಸುಮ್ಮನಿರ್ತದ. ಸ್ಲೋ ಮಾಡೂದೇ ತಡ, ದಡ್ ಅಂತದ. ಊರಿಗಿ ಮುಟ್ಟೋದ್ರಾಗ ಮನ್ಯಾಗಿನ ಮಂದಿ ಎಲ್ಲಾ ಅಂಜಿ ಒಬ್ಬರ ಮ್ಯಾಲ ಒಬ್ಬರು ಕುಂತಿರ್ತಾರ.”

ಅವರ ಮನೆಯಲ್ಲಿ ಹಳೆಯ ಕಾಲದಿಂದ ಒಂದು ಪದ್ಧತಿ ಇದೆ. ಮಟಮಟ ಮಧ್ಯಾಹ್ನ ಯಾರಾದರೂ ಹೆಸರು ಹಿಡಿದು ಕೂಗಿದರೆ, ಬಾಗಿಲು ಬಡಿದರೆ, ಮೊದಲನೇ ಸಲಕ್ಕೆ ಓ ಅನ್ನುವ ಹಾಗಿಲ್ಲ, ಎರಡನೇ ಸಲಕ್ಕೂ ಇಲ್ಲ. ಮೂರನೇ ಸಲವೂ ಕರೆದರೆ ಮಾತ್ರ ಮನುಷ್ಯರು. ಮನುಷ್ಯರಲ್ಲದವರಿಗೆ ಎರಡರ ಮೇಲೆ ಕರೆಯುವ ತಾಕತ್ತಿಲ್ಲವಂತೆ. ಈ ಗಾಡಿಯಲ್ಲಿ ಬಡಿತ ಎಷ್ಟು ಸಲ ಬರುತ್ತದೆ ಎಂದು ಕೇಳಿದೆ. “ಎರಡೇ ಸಲ,” ಎಂದು ಪಿಸುಗುಟ್ಟಿದರು. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ.

ಇಂಜಿನ್ ಕೂರುವ ರಬ್ಬರ್ ಗಟ್ಟಿಯೊಂದು ಹರಿದಿರಬೇಕು ಎಂದು ನನ್ನ ಲೆಕ್ಕ. ಅದು ಹರಿದರೆ ನಿಧಾನ ಮಾಡಿದಾಗ ಇಂಜಿನ್ ಮುಂದಕ್ಕೆ ವಾಲಿ ಒಮ್ಮೆ, ಹಿಂದಕ್ಕೆ ಬಂದು ಒಮ್ಮೆ ಬಡಿಯುತ್ತದೆ. ಅವರನ್ನು ಸೀಟಿನಲ್ಲಿ ಕೂರಿಸಿದೆ. “ಬ್ರೇಕ್ ಗಟ್ಟಿ ಹಿಡೀರಿ, ಕ್ಲಚ್ ಒಂಚೂರು ಬಿಡ್ರಿ,” ಎಂದು ಹೇಳಿ, ಬಾನೆಟ್ ಎತ್ತಿ ಒಳಗೆ ಕೈ ಹಾಕಿದೆ. ಇಂಜಿನ್ ಎದ್ದು ಬಂದು ದಡ್ ಎಂದು ಬಡಿಯಿತು. ನನ್ನ ಅಂಗಿಯ ತೋಳು ಅದರ ಸಂದಿಯಲ್ಲಿ ಸಿಕ್ಕಿಕೊಂಡಿತು. ಒಂದು ಗೇಣು ಆಚೆಗೆ ಫ್ಯಾನ್ ತಿರುಗುತ್ತಿತ್ತು.

“ಸಾಹುಕಾರ್ರ, ಬಂದ್ ಮಾಡ್ರಿ!” ಎಂದೆ.

ಬಾನೆಟ್ಟಿನ ಸಂದಿಯಿಂದ ನೋಡಿದರೆ ಸ್ಟಿಯರಿಂಗ್ ಹಿಡಿದುಕೊಂಡು ನೆಟ್ಟಗೆ ಕುಳಿತಿದ್ದಾರೆ. ಕಣ್ಣು ಮುಚ್ಚಿದ್ದಾರೆ.

“ಸಾಹುಕಾರ್ರ! ಕೈ ಸಿಕ್ಕದ!”

ಅವರು ತುಟಿ ಕಚ್ಚಿಕೊಂಡರು. ನನಗೆ ಆಗ ಹೊಳೆಯಿತು. ಮೂರನೇ ಸಲ ಎಷ್ಟು ಜೋರಾಗಿ ಕೂಗಿದೆನೆಂದರೆ ಎದುರಿನ ಚಹಾದಂಗಡಿಯವರು ಎದ್ದು ನಿಂತರು.

“ಓ, ನೀವೇನ್ರೀ?” ಎಂದು ಸಾಹುಕಾರರು ಕೀಲಿ ತಿರುಗಿಸಿದರು.

ಹೊರಗೆ ಬಂದು ತೋಳು ಕೊಡವಿಕೊಳ್ಳುತ್ತ ಬಾಯಿಗೆ ಬಂದಂತೆ ಬೈದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು ಹೇಳಿದರು. “ಸಿಟ್ಟಾಗಬ್ಯಾಡ್ರಿ ಮಿಸ್ತ್ರಿ. ಮೊದಲ್ನೇ ಸಲಕ್ಕ ಓ ಅಂದು ನನ್ನ ಜೀವ ಹೋಗೋದಕ್ಕಿಂತ, ನಿಮ್ಮ ಕೈದೊಂದು ಬಟ್ಟು ಹೋದ್ರ ಪರವಾಗಿಲ್ಲ.”

ಅತ್ತೆಯ ಸಮಾಧಿ

ಸಾಹುಕಾರರು ಊರಿಗೆ ಹೋಗಿ ಏನು ಹೇಳಿದರೋ, ಎಂಟು ದಿನದಲ್ಲಿ ಅವರದೇ ಓಣಿಯ ಇನ್ನೊಂದು ಗಾಡಿ ಬಂತು. ಓಡಿಸಿಕೊಂಡು ಬಂದವರು ಕಲಬುರಗಿಯ ಒಂದು ದವಾಖಾನೆಯಲ್ಲಿ ನರ್ಸ್ ಆಗಿರುವ ಹೆಣ್ಣುಮಗಳು. ನಾನು ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ಅವರ ಮಾವ, ಬಿಳಿ ಧೋತರ, ಬಿಳಿ ಟೋಪಿಯ ಹಿರಿಯರು.

“ಬ್ಯಾರೆ ಎಲ್ಲೂ ಬಂದ್ ಬೀಳಂಗಿಲ್ಲ ಮಿಸ್ತ್ರಿ,” ಎಂದರು ಸಿಸ್ಟರ್. “ಮುಂಜಾನಿ ಡ್ಯೂಟಿಗಿ ಹೋಗೋಮುಂದ ಏನೂ ಆಗಂಗಿಲ್ಲ. ಮದ್ಯಾನ ತಿರುಗಿ ಬರೋಮುಂದ, ಕಮಲಾಪುರ ಇನ್ನೇನು ಬಂತು ಅನ್ನೋದ್ರಾಗ ನಮ್ಮ ಹೊಲಾ ಅದ. ರಸ್ತಾಕ್ಕ ಹತ್ತೇ ನಮ್ಮತ್ತಿ ಸಮಾಧಿ ಅದ. ಅದರ ಮುಂದ ಬಂದ್ರ ನಿಂದರ್ತದ.”

“ದಿನಾ?”

“ದಿನಾ. ನಿಂದ್ರೋಕಿಂತ ಮೊದ್ಲ ಒಂದು ಆವಾಜ್ ಬರ್ತದ.” ಅವರು ಮಾವನ ಮುಖ ನೋಡಿ ದನಿ ತಗ್ಗಿಸಿದರು. “ಉಸುರು ಬಿಟ್ಟಂಗ.”

“ಬಿಟ್ಟಂಗ ಅಲ್ಲ, ಉಸುರೇ,” ಎಂದರು ಹಿರಿಯರು. “ನಮ್ಮಕಿದು. ನಾನೂ ಒಂದಿನ ಕುಂತು ಬಂದು ಕೇಳೀನಿ. ನಲವತ್ತು ವರ್ಷ ಮನ್ಯಾಗ ಕೇಳಿದ ಉಸುರು, ನನಗ ಗುರ್ತು ಸಿಗಂಗಿಲ್ಲೇನು?”

ಅವರ ಹೆಂಡತಿ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಹಿರಿಯರ ತೀರ್ಮಾನ ಸ್ಪಷ್ಟವಾಗಿತ್ತು. ಸೊಸೆ ಗಾಡಿ ಓಡಿಸಿಕೊಂಡು ನೌಕರಿಗೆ ಹೋಗುವುದು ಸತ್ತವಳಿಗೆ ಸೇರುತ್ತಿಲ್ಲ, ಅದಕ್ಕೇ ದಾರಿಯಲ್ಲಿ ತಡೆಯುತ್ತಿದ್ದಾಳೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಅಡುಗೆ ಎರಚಿ ಚರಗ ಚೆಲ್ಲಿ, ಆ ಸಮಾಧಿಯ ಹತ್ತಿರವೇ ಉಣ್ಣಬೇಕು. ಅವತ್ತಿಗೆ ಗಾಡಿ ಮನೆಯಿಂದ ಹೊರಗೆ ಹೋಗಬೇಕು. ಕೊಳ್ಳುವವನನ್ನು ಆಗಲೇ ಗೊತ್ತು ಮಾಡಿದ್ದರು, ಹಬ್ಬದ ದಿನ ಸಂಜೆ ಬಂದು ಒಯ್ಯುವವನಿದ್ದ. ಗಾಡಿ ಹೋದರೆ ಸಿಸ್ಟರ್ ನೌಕರಿಯೂ ಹೋದ ಹಾಗೆ. ಬಸ್ಸು ನಂಬಿಕೊಂಡರೆ ಮುಂಜಾನೆಯ ಡ್ಯೂಟಿ ಸಿಗುವುದಿಲ್ಲ. ಗಂಡ ಅಪ್ಪನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ ಅನ್ನುವ ಮನುಷ್ಯ. ಹಬ್ಬಕ್ಕೆ ಹತ್ತು ದಿನ ಉಳಿದಿತ್ತು.

“ಮಾವಾರ, ಗಾಡಿ ಕಲಿ ಕಲಿ ಅಂತ ನನ್ನ ಬೆನ್ನು ಹತ್ತಿದಾಕಿನೇ ನಮ್ಮತ್ತಿ,” ಎಂದರು ಸಿಸ್ಟರ್. ಅವರ ಕಣ್ಣು ತುಂಬಿ ಬಂದಿತ್ತು. “ಈಗ ಆಕಿನೇ ಯಾಕ ತಡೀತಾಳ?”

ಹಿರಿಯರು ಟೋಪಿ ಸರಿ ಮಾಡಿಕೊಂಡರು. “ಅದು ಬದುಕಿದ್ದಾಗಿನ ಮಾತು. ಸತ್ತ ಮ್ಯಾಲ ಬುದ್ಧಿ ಬಂದಿರ್ತದ.”

ವಿಳಾಸ

ಪ್ಲಗ್ ನೋಡಿದೆ, ಥ್ರಾಟಲ್ ತೊಳೆದೆ, ವೈರುಗಳನ್ನೆಲ್ಲ ಎಳೆದು ನೋಡಿದೆ, ಸ್ಕ್ಯಾನರ್ ಹಚ್ಚಿದೆ. ಎಲ್ಲವೂ ಸರಿಯಿತ್ತು. ಗ್ಯಾರೇಜಿನ ಮುಂದೆ ಎಷ್ಟು ಸಲ ಬ್ರೇಕ್ ಒತ್ತಿದರೂ ಗಾಡಿ ಬಂದಾಗಲಿಲ್ಲ. ಮಧ್ಯಾಹ್ನ ಕಮಲಾಪುರದವರೆಗೆ ಓಡಿಸಿ ನೋಡಿದೆ. ಸಮಾಧಿ ದಾಟಿದೆ, ನಿಲ್ಲಲಿಲ್ಲ. ಮರುದಿನ ಮತ್ತೆ ಹೋದೆ, ಆಗಲೂ ಇಲ್ಲ. ಸಿಸ್ಟರ್ ಒಯ್ದರೆ ಅದೇ ದಿನ ನಿಂತಿತು. ಅವರು ಫೋನು ಮಾಡಿ, “ನಿಂತದರೀ,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಸೊಸೆ ಓಡಿಸಿದರೆ ನಿಲ್ಲುತ್ತದೆ, ನಾನು ಓಡಿಸಿದರೆ ಇಲ್ಲ. ಹಾಗಾದರೆ ಹಿರಿಯರು ಹೇಳಿದ್ದೇ ಖರೆಯೇನು? ಈ ಮಾತು ಒಮ್ಮೆ ತಲೆಗೆ ಹೊಕ್ಕ ಮೇಲೆ ಪಾನಾ ಕೆಳಗಿಟ್ಟುಬಿಟ್ಟೆ.

ಐದನೇ ದಿನ ಗಾಡಿ ಮತ್ತೆ ಇಸಿದುಕೊಂಡು ಹೋಗಿ, ಸಮಾಧಿ ದಾಟಿ ಸ್ವಲ್ಪ ಮುಂದೆ ಗಾಡಿ ನಿಲ್ಲಿಸಿ, ಇಳಿದು ಹಿಂದಕ್ಕೆ ನಡೆದೆ. ಮಟಮಟ ಮಧ್ಯಾಹ್ನ. ರಸ್ತೆಯ ಮೇಲೆ ಆ ಹೊತ್ತಿಗೆ ಒಂದೂ ಲಾರಿ ಇಲ್ಲ. ಎರಡೂ ಕಡೆ ತೊಗರಿ ಕೊಯ್ಲಿಗೆ ಬಂದು ನಿಂತಿತ್ತು. ಗಾಳಿ ಇರಲಿಲ್ಲ, ಆದರೂ ಒಣಗಿದ ಕಾಯಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಲಗಲ ಅನ್ನುತ್ತ ಬಂದವು, ಸಾಲಿನ ನಡುವೆ ಯಾರೋ ನಡೆದು ಬಂದ ಹಾಗೆ. ಸಮಾಧಿಯ ಹತ್ತಿರ ಬಂದು ಆ ಸದ್ದು ನಿಂತಿತು. ಕಟ್ಟೆಯ ಮೇಲೆ ಯಾರೋ ಇಟ್ಟ ಹೂವು ಇನ್ನೂ ಬಾಡಿರಲಿಲ್ಲ.

ಕುರಾನಿನ ಗೊತ್ತಿದ್ದ ಆಯತ್‌ಗಳನ್ನೆಲ್ಲ ಓದಿದೆ. ಆಮೇಲೆ, ಆಕೆಗೆ ಅರಬ್ಬಿ ಎಲ್ಲಿ ತಿಳಿಯಬೇಕು ಅನಿಸಿ, ಕನ್ನಡದಲ್ಲೇ ಕೈಮುಗಿದು ಹೇಳಿದೆ.

“ಅವ್ವಾ, ನಾ ನಿಮ್ಮ ಮನಿತನದವ ಅಲ್ಲರೀ. ನಾ ಮಿಸ್ತ್ರಿ. ಮೋಮಿನಪುರ, ಮಸೀದಿ ಹಿಂದಿನ ಗಲ್ಲಿ, ನೀಲಿ ಶಟರ್. ಬೇಕಾದ್ರ ಯಾರನ್ನಾದ್ರೂ ಕೇಳ್ರಿ. ನಿಮ್ಮ ಸೊಸಿ ಚಲೋ ಹೆಣ್ಮಗಳು. ಏನಿದ್ರೂ ಬಾಯಿಬಿಟ್ಟು ಹೇಳ್ರಿ.”

ಹೇಳಿ ಗಾಡಿ ಹತ್ತಿ, ಕಲಬುರಗಿ ಬರುವವರೆಗೂ ಕನ್ನಡಿ ನೋಡಲಿಲ್ಲ. ಮನೆಗೆ ಬಂದು, ಮಗರಿಬ್ ನಮಾಜು ಮುಗಿಸಿ, ಚಾಪೆಯ ಮೇಲೆ ಕುಳಿತೆ. ಇದ್ದಕ್ಕಿದ್ದಂತೆ ಬೆನ್ನ ಹಿಂದೆ ಉದ್ದಕ್ಕೆ ಹುಸ್ಸ್… ಎಂದು ಬಂತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಗಲ್ಲಿಗೆ ಹಾರಿದೆ. ಒಳಗೆ ಹೆಂಡತಿ ಕುಕ್ಕರಿನ ಸೀಟಿ ಎತ್ತಿ ಹಿಡಿದು, ಏನಾಯಿತೆಂದು ನನ್ನನ್ನೇ ನೋಡುತ್ತಿದ್ದಳು.

ಉಳಿದದ್ದೆಲ್ಲ ಇರಲಿ, ನೀಲಿ ಶಟರ್ ಎಂದು ಹೇಳಬಾರದಿತ್ತು.

ಸಿಸ್ಟರ್ ಕಾಲು

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಇನ್ನು ಇಂಜಿನ್ ನೋಡಿ ಉಪಯೋಗವಿಲ್ಲ, ಓಡಿಸುವವರನ್ನು ನೋಡೋಣ ಅನಿಸಿತು. ಡ್ಯೂಟಿ ಮುಗಿಸಿ ಹೊರಟ ಸಿಸ್ಟರ್ ಪಕ್ಕದಲ್ಲಿ ಕುಳಿತೆ. ಕಲಬುರಗಿಗೆ ಏನೋ ಕೆಲಸಕ್ಕೆ ಬಂದಿದ್ದ ಹಿರಿಯರು ಹಿಂದೆ ಕುಳಿತರು. ದಾರಿಯುದ್ದಕ್ಕೂ ಅವರದೇ ಮಾತು. ಕೈ ಹೀಗೆ ಹಿಡಿ, ಆ ಟ್ರ್ಯಾಕ್ಟರ್ ನೋಡು, ಹಾರ್ನ್ ಯಾಕೆ ಹೊಡೆದಿ, ಹಾರ್ನ್ ಯಾಕೆ ಹೊಡೀಲಿಲ್ಲ. ಹೊಲ ಕಂಡ ಕೂಡಲೇ ಅವರ ಮಾತು ನಿಂತಿತು.

ಗಾಡಿ ನಿಧಾನವಾಯಿತು. ಅರವತ್ತು, ನಲವತ್ತು, ಇಪ್ಪತ್ತು. ಸಮಾಧಿ ಎದುರಿಗೆ ಬಂತು. ಆಗ ನಮ್ಮ ಕಾಲ ಬುಡದಿಂದಲೇ ಬಂತು ಆ ಸದ್ದು. ಹುಸ್ಸ್… ಇಡೀ ದಿನ ದುಡಿದವರು ಹೊರೆ ಇಳಿಸಿ ಕೂರುವಾಗ ಬಿಡುವಂಥ ಉಸಿರು. ಇಂಜಿನ್ ಒಮ್ಮೆ ನಡುಗಿ ಬಂದಾಯಿತು.

“ಕೇಳಿದ್ರೇನು?” ಎಂದು ಹಿಂದಿನಿಂದ ಹಿರಿಯರು ಪಿಸುಗುಟ್ಟಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, “ಇಲ್ಲೇ ಅದೀನಿ, ಇಲ್ಲೇ,” ಎಂದರು. ಅದನ್ನು ನಮಗೆ ಹೇಳಿದ್ದಲ್ಲ. ಈ ಮನುಷ್ಯ ಸೊಸೆಯನ್ನು ಹೆದರಿಸಲು ಕಥೆ ಕಟ್ಟಿದ್ದಾನೆ ಎಂದು ಅಷ್ಟು ದಿನ ಒಳಗೊಳಗೇ ಬೈದುಕೊಂಡಿದ್ದೆ. ಅದು ನನ್ನ ತಪ್ಪು. ಅವರು ಆ ಉಸಿರಿಗಾಗಿ ಕಾಯುತ್ತಿದ್ದರು.

ಅವರು ಇಳಿದು ಸಮಾಧಿಗೆ ಕೈಮುಗಿಯಲು ಹೋದರು. ನಾನು ಸಿಸ್ಟರಿಗೆ, ಗಾಡಿ ತಿರುಗಿಸಿಕೊಂಡು ಬಂದು ಇನ್ನೊಮ್ಮೆ ಹಾಗೇ ಮಾಡ್ರಿ ಎಂದೆ. ಈ ಸಲ ರಸ್ತೆಯನ್ನೂ ನೋಡಲಿಲ್ಲ, ಸಮಾಧಿಯನ್ನೂ ನೋಡಲಿಲ್ಲ. ಅವರ ಕಾಲನ್ನೇ ನೋಡಿದೆ.

ಸಮಾಧಿ ಬಂದ ಕೂಡಲೇ ಸಿಸ್ಟರ್ ಕ್ಲಚ್ ಒತ್ತಿ, ಬ್ರೇಕ್ ಒತ್ತಿದರು. ಒತ್ತಿ ಬಿಡಲಿಲ್ಲ, ಹಿಡಿದೇ ಇದ್ದರು. ಎಡಗೈ ಎದೆಗೆ ಮುಟ್ಟಿತು, ಹಣೆಗೆ ಮುಟ್ಟಿತು, ತುಟಿ ಏನೋ ಹೇಳುತ್ತಿತ್ತು. ಅದು ಮುಗಿಯುವವರೆಗೆ ಬ್ರೇಕ್ ಮೇಲಿನ ಕಾಲು ಏಳಲಿಲ್ಲ. ಹುಸ್ಸ್… ಇಂಜಿನ್ ಬಂದ್.

ನಾನು ಜೋರಾಗಿ ನಕ್ಕುಬಿಟ್ಟೆ. ಬ್ರೇಕಿಗೆ ಬಲ ಕೊಡಲು ಒಂದು ಕರಿ ಡಬ್ಬಿ ಇರುತ್ತದೆ, ಅದಕ್ಕೆ ಬೂಸ್ಟರ್ ಅನ್ನುತ್ತೇವೆ. ಒಳಗೆ ರಬ್ಬರಿನ ಪರದೆ ಇದೆ, ಅದು ಸಣ್ಣಗೆ ಸೀಳಿತ್ತು. ತಣ್ಣಗಿದ್ದಾಗ ಸೀಳು ಮುಚ್ಚಿಕೊಳ್ಳುತ್ತಿತ್ತು. ಬಿಸಿಲಲ್ಲಿ ಅಷ್ಟು ದೂರ ಓಡಿ ಕಾದ ಮೇಲೆ ಬ್ರೇಕನ್ನು ಒತ್ತಿ ಹಿಡಿದರೆ ಬಾಯಿ ಬಿಡುತ್ತಿತ್ತು. ಅದರಿಂದ ಗಾಳಿ ನುಗ್ಗುವ ಸದ್ದೇ ಆ ಉಸಿರು. ಬೇಡದ ಗಾಳಿ ಹೊಕ್ಕರೆ ಇಂಜಿನ್ ನಿಲ್ಲುತ್ತದೆ. ನಾನು ಗೇರಿನಲ್ಲೇ ವೇಗ ಇಳಿಸುವವನು, ಬ್ರೇಕನ್ನು ಮುಟ್ಟಿ ಬಿಡುವವನು. ಆ ಸಮಾಧಿಗೆ ವಿಳಾಸ ಕೊಟ್ಟಿದ್ದೆನೇ ಹೊರತು ಬ್ರೇಕ್ ಒತ್ತಿ ನಮಸ್ಕಾರ ಮಾಡಿರಲಿಲ್ಲ.

“ಅಷ್ಟೊತ್ತು ಏನು ಹೇಳ್ತೀರಿ ಸಿಸ್ಟರ್?” ಎಂದೆ.

“ಆವತ್ತಿಂದು ಸುದ್ದಿ ಹೇಳ್ತೀನ್ರಿ. ಡ್ಯೂಟಿ ಹೆಂಗಾತು, ಮನ್ಯಾಗ ಏನಾತು.”

“ಮಾವಾರ ಸುದ್ದಿನೂ?”

ಅವರು ದೂರದಲ್ಲಿ ಬಾಗಿ ನಿಂತ ಬಿಳಿ ಟೋಪಿಯತ್ತ ನೋಡಿದರು. “ಅದಕ್ಕೇ ಟೈಮ್ ಭಾಳ ಹಿಡೀತದ.”

ಎಳ್ಳಮಾವಾಸ್ಯೆ

ಬೂಸ್ಟರ್ ಬದಲಾಯಿಸಿದೆ. ಹಿರಿಯರು ಒಪ್ಪಲಿಲ್ಲ. “ಡಬ್ಬಿ ಬದಲಿ ಮಾಡಿದ್ರ ಆಕಿ ಹೋಗ್ತಾಳೇನು?” ಎಂದರು. ಕೊನೆಗೆ ಅವರೇ ಒಂದು ಷರತ್ತು ಹಾಕಿದರು. ಹಬ್ಬದ ದಿನ ಮಧ್ಯಾಹ್ನ ಕಲಬುರಗಿಯಿಂದ ಅದೇ ದಾರಿಯಲ್ಲಿ ಹೊಲಕ್ಕೆ ಹೋಗುವುದು. ಸಮಾಧಿಯ ಮುಂದೆ ಗಾಡಿಯಲ್ಲಿ ಆ ಉಸಿರು ಕೇಳಿಸದಿದ್ದರೆ ಗಾಡಿ ಸೊಸೆಗೆ. ಕೇಳಿಸಿತೋ, ಸಂಜೆ ಕೊಳ್ಳುವವನಿಗೆ ಕೀಲಿ. ನಾನೂ ಜೊತೆಗೆ ಬರಬೇಕು. ಸಿಸ್ಟರ್ ಒಪ್ಪಿಕೊಂಡರು. ಬೇರೆ ದಾರಿ ಇರಲಿಲ್ಲ.

ಆವತ್ತು ಸಿಸ್ಟರ್ ಓಡಿಸುತ್ತಿದ್ದರು, ಹಿರಿಯರು ಪಕ್ಕದಲ್ಲಿ, ನಾನು ಹಿಂದೆ. ನನ್ನ ತೊಡೆಯ ಮೇಲೆ ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಪಾತ್ರೆ, ಪಕ್ಕದಲ್ಲಿ ಸಜ್ಜೆ ರೊಟ್ಟಿಯ ಗಂಟು. ಉಳಿದವರು ಆಗಲೇ ಹೊಲ ಸೇರಿದ್ದರು. ದೂರದಿಂದ ಸಮಾಧಿ ಕಂಡಿತು. ಹಿರಿಯರ ಮಾತು ನಿಂತಿತು. ಸಿಸ್ಟರ್ ಬೆರಳುಗಳು ಸ್ಟಿಯರಿಂಗಿನ ಮೇಲೆ ಬೆಳ್ಳಗಾಗಿದ್ದವು.

ಅರವತ್ತು, ನಲವತ್ತು, ಇಪ್ಪತ್ತು. ಅವರು ಬ್ರೇಕ್ ಒತ್ತಿ ಹಿಡಿದರು. ಕೈ ಎದೆಗೆ ಹೋಯಿತು, ಹಣೆಗೆ ಹೋಯಿತು. ಇಂಜಿನ್ ಒಂದೇ ಸಮನೆ ಗುರುಗುಡುತ್ತಿತ್ತು. ಹುಸ್ ಇಲ್ಲ, ನಡುಕ ಇಲ್ಲ. ತೊಗರಿಯ ಕಾಯಿ ಕೂಡ ಅಲುಗಲಿಲ್ಲ.

ಹಿರಿಯರು ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತರು. ಆಮೇಲೆ ಡ್ಯಾಶ್‌ಬೋರ್ಡ್ ನೋಡಿದರು, ಕಾಲ ಬುಡ ನೋಡಿದರು, ನನ್ನನ್ನು ನೋಡಿದರು. ಗೆದ್ದೆ ಎಂಬ ಸಂತೋಷ ನನಗೆ ಒಂದು ಕ್ಷಣವೂ ಉಳಿಯಲಿಲ್ಲ. ಆ ಮುಖದಲ್ಲಿ ಏನೋ ಕಳೆದುಕೊಂಡ ಮಗುವಿನ ಗಾಬರಿಯಿತ್ತು. ಗಾಬರಿಯಾದಾಗ ಅವರಿಗೆ ತಿಳಿದದ್ದು ಒಂದೇ, ಮಾತು.

“ನೀ ಸರಿ ನಿಂದ್ರಿಸಿಲ್ಲ. ಇನ್ನೂ ಆ ಕಡಿ ಹೊಂದ್ಸಬೇಕಿತ್ತು. ಸೆರಗು ನೋಡು, ಗೇರಿಗಿ ಸಿಗ್ತದ. ಹಬ್ಬದ ದಿನಾ ಇಷ್ಟು ತಡಾ ಮಾಡಿ ಹೊಂಟ್ರ ಹೆಂಗ? ನಮ್ಮಕಿ ಇದ್ದಿದ್ರ ಮುಂಜಾನಿನೇ ಚರಗ ಚೆಲ್ಲಿ ಮುಗೀತಿತ್ತು. ಕಿಡಕಿ ಗಾಜು ಯಾಕ ಇಳಿಸಿದಿ? ಧೂಳ ಬರ್ತದ. ಏರಿಸಬ್ಯಾಡ, ಸೆಕಿ ಆಗ್ತದ…”

ಹುಸ್ಸ್…

ಉದ್ದಕ್ಕೆ, ಹೊರೆ ಇಳಿಸಿದ ಹಾಗೆ. ಅದೇ ಉಸಿರು.

ಹಿರಿಯರ ಮಾತು ಅಲ್ಲೇ ತುಂಡಾಯಿತು. “ಬಂತು!” ಎಂದು ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. “ಕೇಳಿದ್ರೇನು ಮಿಸ್ತ್ರಿ? ಬಂದ್ಳು!”

ಇಂಜಿನ್ ಬಂದಾಗಿರಲಿಲ್ಲ. ಬೂಸ್ಟರ್ ಹೊಸದು, ನಾನೇ ಕೂರಿಸಿದ್ದು. ಆ ಡಬ್ಬಿಯಿಂದ ಆ ಸದ್ದು ಬರಲು ಸಾಧ್ಯವೇ ಇಲ್ಲ. ಹಾಗಾದರೆ ಎಲ್ಲಿಂದ ಬಂತು? ಗಾಡಿಯಲ್ಲಿ ನಾವು ಮೂವರೇ. ನನ್ನ ಪಕ್ಕದ ಸೀಟಿನ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ರೊಟ್ಟಿಯ ಗಂಟನ್ನು ಮೆಲ್ಲಗೆ ನನ್ನ ಕಡೆಗೆ ಎಳೆದುಕೊಂಡೆ, ಯಾರಾದರೂ ಕುಳಿತಿದ್ದರೆ ಜಾಗವಾಗಲಿ ಎಂದು.

“ನಾನ್ರೀ ಮಾವಾರ,” ಎಂದರು ಸಿಸ್ಟರ್.

ಯಾರಿಗೂ ಅರ್ಥವಾಗಲಿಲ್ಲ.

“ಉಸುರು ಬಿಟ್ಟಿದ್ದು ನಾನು.” ಹೇಳುತ್ತ ಅವರಿಗೇ ಅಳು ಬಂತು. ಗಾಡಿ ಹೋಯಿತು, ನೌಕರಿ ಹೋಯಿತು ಎಂದು ಅವರಿಗೂ ಗೊತ್ತಾಗಿತ್ತು. “ತಡ್ಕೊಂಡಿದ್ದೆ, ಆಗ್ಲಿಲ್ಲ.”

“ಸುಳ್ಳು! ಅದು ನಮ್ಮಕಿ ಉಸುರು. ಅದೇ ಆವಾಜ್,” ಎಂದರು ಹಿರಿಯರು.

“ಅದೇ ಇರ್ತದರೀ,” ಎಂದರು ಸಿಸ್ಟರ್, ಸೆರಗಿನಿಂದ ಕಣ್ಣೊರೆಸಿಕೊಂಡು. “ನಿಮ್ಮ ಮಾತು ಕೇಳ್ತಾ ಕುಂತವರಿಗಿ ಅದೇ ಉಸುರು ಬರ್ತದ. ಅತ್ತಿ ನಲವತ್ತು ವರ್ಷ ಬಿಟ್ಳು. ಈಗ ನನ್ನ ಪಾಳಿ.”

ಹಿರಿಯರು ಸಮಾಧಿಯ ಕಡೆ ತಿರುಗಿ ಕುಳಿತರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

“ಹೋಗೋಮುಂದ ಸೊಸಿಗಿ ಕಲಿಸೇ ಹೋಗ್ಯಾಳ,” ಎಂದರು. ಆಮೇಲೆ ಅಂಗಿಯ ಜೇಬಿನಿಂದ ಫೋನು ತೆಗೆದು, ಕೊಳ್ಳುವವನಿಗೆ ಹಚ್ಚಿದರು. “ಹಲೋ… ಸಂಜಿಗಿ ಬರಬ್ಯಾಡ್ರಿ. ಗಾಡಿ ನಮ್ಮ ಸೊಸಿಗಿ ಬೇಕಾಗ್ಯಾದ.”

ಹೊಲದಲ್ಲಿ ಚರಗ ಚೆಲ್ಲಿದರು. ಸಮಾಧಿಗೆ ಮೊದಲ ಎಡೆ ಇಟ್ಟು, ಬೇವಿನ ಮರದ ನೆರಳಲ್ಲಿ ಎಲ್ಲರೂ ಊಟಕ್ಕೆ ಕುಳಿತೆವು. ಹಿರಿಯರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ನಾಲ್ಕು ತುತ್ತು ಉಂಡು, ನನ್ನ ಕಿವಿಗೆ ಬಾಯಿ ಹಚ್ಚಿದರು.

“ಮಿಸ್ತ್ರಿ, ಗಾಡಿ ಆವಾಜ್ ತಗದ್ರಿ, ಚಲೋ ಆತು. ಈ ಎರಡನೇದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ.”

ಆಮೇಲೆ ನೆಟ್ಟಗೆ ಕುಳಿತು, ಬಡಿಸುತ್ತಿದ್ದ ಸೊಸೆಗೆ ಕೇಳಿಸುವ ಹಾಗೆ ದೊಡ್ಡ ದನಿಯಲ್ಲಿ, “ಭಜ್ಜಿಗಿ ಉಪ್ಪು ಕಡಿಮಿ ಆಗ್ಯಾದ ನೋಡು,” ಎಂದು, ಕಣ್ಣು ಮುಚ್ಚಿಕೊಂಡು ಕಾಯುತ್ತ ಕುಳಿತರು.

ಬೆನ್ನ ಹಿಂದಿನಿಂದ ಉದ್ದಕ್ಕೆ, ಹುಸ್ಸ್… ಎಂದು ಬಂತು. ಹಿರಿಯರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.